ಐತವಾರದ ನಾಯಿಗಳು

ಪಡಸಾಲೆಯ ಕಂಬಕ್ಕೆ ಸುತ್ತಿದ್ದ ನೀಲಿ ಪಟ್ಟಿ ಹಾಗೇ ಇತ್ತು. ಅದರ ತುದಿಯ ಕೊಂಡಿ ಮೆಟ್ಟಿಲ ಮೇಲೆ ಬಿದ್ದಿತ್ತು. ನಾಯಿ ಇರಲಿಲ್ಲ.

ಅರುಣಾ ಹಾಲಿನ ಚರಿಗೆಯನ್ನು ಕಟ್ಟೆಯ ಮೇಲಿಟ್ಟು ಕೊಂಡಿಯನ್ನು ಎತ್ತಿ ನೋಡಿದಳು. ಮುರಿದಿರಲಿಲ್ಲ. ಒತ್ತಿದರೆ ತೆರೆಯುತ್ತಿತ್ತು, ಬಿಟ್ಟರೆ ಟಕ್ಕನೆ ಮುಚ್ಚುತ್ತಿತ್ತು. ತಾನಾಗಿ ಬಿಚ್ಚಿಕೊಳ್ಳುವಂಥದ್ದಲ್ಲ. ಅತಿಥಿಗಳ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಬಚ್ಚಲಲ್ಲಿ ನೀರು ಬೀಳುವ ಸಪ್ಪಳ ಕೇಳುತ್ತಿತ್ತು.

ಹಿತ್ತಲಲ್ಲಿ ಮನೆಯ ನಾಯಿಗಳಾದ ಬಂಡ್ಯಾ ಮತ್ತು ಲಾಲಿಯ ಸರಪಳಿಗಳೂ ಖಾಲಿ ಬಿದ್ದಿದ್ದವು. ರವಿವಾರ ಅವು ಖಾಲಿ ಇರುವುದು ಹೊಸದಲ್ಲ. ಕಲ್ಲಿನ ದೋಣಿಯನ್ನು ನಾಯಿಗಳು ನೆಕ್ಕಿ ಸ್ವಚ್ಛ ಮಾಡಿದ್ದವು; ತಳದಲ್ಲಿ ರೊಟ್ಟಿಯ ಒಂದು ಚೂರು ಹಾಲಿನಲ್ಲಿ ನೆನೆದು ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ ಅತ್ತೆ ಮೈಲಾರವ್ವ ಕುಕ್ಕರುಗಾಲಲ್ಲಿ ಕುಳಿತು ಭಂಡಾರದ ಚೀಲದ ಬಾಯಿ ಕಟ್ಟುತ್ತಿದ್ದಳು. ಬೆರಳುಗಳೆಲ್ಲ ಅರಿಷಿಣವಾಗಿದ್ದವು.

“ಅತ್ತಿ, ಆ ನಾಯಿ ಎಲ್ಲಿ?”

“ಯಾವದು, ಪೇಡೇನ? ಹೋತು.”

“ಹೋತು ಅಂದ್ರ?”

“ಅವೆರಡರ ಜೋಡಿ ಹೋತು. ಏನ್ ಖುಷೀಲೆ ಓಡಿತಂತಿ! ಕಿವಿ ನೆಲಕ್ಕ ಬಡೀತಿದ್ವು.”

“ಅದನ್ನ ಕಟ್ಟಿದ್ರಲ್ಲ ಅತ್ತಿ!”

“ಕಟ್ಟಿದ್ರು, ಬಿಚ್ಚಿದೆ. ಐತವಾರ ಅಂಗಳದಾಗ ಒಂದು ನಾಯಿ ಬಿಗದು ನಿಲ್ಲಿಸಿ ನಾ ಹ್ಯಾಂಗ ದೋಣಿ ತುಂಬಲಿ? ಅದಕ್ಕೂ ಭಂಡಾರ ಹಚ್ಚಿ ಕರಕೊಂಡ ಬಂದೆ. ಮೂರೂ ಒಂದ ದೋಣ್ಯಾಗ ತಿಂದ್ವು. ಒಂದರ ಗುರ್ ಅನಲಿಲ್ಲ ನೋಡು. ನೀ ಸುಮ್ಮನ ಹೆದರತಿದ್ದಿ.”

ಕಡೆಯ ಮಾತಿನಲ್ಲಿ ಸ್ವಲ್ಪ ಗೆಲುವಿತ್ತು. ಅರುಣಾ ಗೇಟಿನ ಕಡೆ ಓಡಿದಳು.

ಮೈಲಾರನ ಒಕ್ಕಲಿನ ಮನೆಯಲ್ಲಿ ನಾಯಿ ಬರೀ ನಾಯಿಯಲ್ಲ, ದೇವರ ಕಡೆಯದು. ರವಿವಾರ ಅದರ ಹಣೆಗೆ ಭಂಡಾರ ಹಚ್ಚಿ, ಏಳುಕೋಟಿಗೋ ಎಂದು ಕೂಗಿ, ಅದು ತಿಂದ ಮೇಲೆಯೇ ಮನೆಯವರ ಬಾಯಿಗೆ ತುತ್ತು. ಆ ದಿನ ನಾಯಿಯನ್ನು ಕಟ್ಟುವುದಿಲ್ಲ ಎಂಬುದು ಈ ಮನೆಯದೇ ಕಟ್ಟಳೆ. ಹಿಂದೆ ಅದು ಕಟ್ಟಳೆ ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ, ಏಕೆಂದರೆ ಮಾವ ಮಲಕಪ್ಪ ಕುರಿ ಕಾಯುತ್ತಿದ್ದ ಕಾಲದಲ್ಲಿ ಯಾವ ದಿನವೂ ನಾಯಿ ಕಟ್ಟುತ್ತಿರಲಿಲ್ಲ. ಮಲಕಪ್ಪ ತೀರಿಕೊಂಡ ಮೇಲೆ ಹಿಂಡನ್ನು ಕುಬಿಹಾಳದ ಲಕ್ಕಪ್ಪ, ವಾವೆಯಲ್ಲಿ ಮೈಲಾರವ್ವನಿಗೆ ತಮ್ಮನಾಗಬೇಕಾದವನು, ಕೊಂಡುಕೊಂಡ. ಬಂಡ್ಯಾ, ಲಾಲಿ ಮಾತ್ರ ಉಳಿದವು. ಸರಪಳಿ ಈ ಮನೆಗೆ ಬಂದದ್ದು ಆಮೇಲೆ, ಅತಿಥಿಗಳ ಜೊತೆ. ವಾರದ ಉಳಿದ ದಿನಗಳಿಗೆ ಮೈಲಾರವ್ವ ಒಪ್ಪಿಕೊಂಡಿದ್ದಳು. ರವಿವಾರಕ್ಕೆ ಇಲ್ಲ.

ಅತಿಥಿಗಳು ಬರುವುದು ಶನಿವಾರ ಮತ್ತು ರವಿವಾರವೇ.

ಕುರಿ ಮಾರಿದ ಮೇಲೆ ಹೊಲದ ಅಂಚಿನ ಮನೆಗೆ ಹೊಂದಿಸಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡೋಣ ಎಂದವಳು ಅರುಣಾ. ದುಡಿಯಲು ಹೊರಗೂರಿನಲ್ಲಿರುವ ಗಂಡ ಫಕೀರೇಶ ನಕ್ಕಿದ್ದ. ಬಮ್ಮಿಗಟ್ಟಿಯಲ್ಲಿ ಜಲಪಾತವಿಲ್ಲ, ಕೋಟೆಯಿಲ್ಲ. ಗೋವಿನಜೋಳ, ಭತ್ತ, ಸ್ವಲ್ಪ ಕಬ್ಬು ನೋಡಲು ಯಾರು ಬರುತ್ತಾರೆ? ಮೊದಲ ವರ್ಷ ಯಾರೂ ಬರಲೂ ಇಲ್ಲ. ಧಾರವಾಡದ ಒಬ್ಬ ಹುಡುಗಿ ಫೋನ್ ಮಾಡಿ, “ನಾಯಿ ತಂದ್ರ ನಡೀತೈತೇನ್ರಿ?” ಎಂದು ಕೇಳಿದ ದಿನ ಅರುಣಾಳಿಗೆ ದಾರಿ ಕಂಡಿತು. ನಾಯಿ ಸಾಕಿದವರಿಗೆ ಊರಿಂದ ಹೊರಗೆ ಎಲ್ಲಿಯೂ ತಂಗಲು ಜಾಗವಿಲ್ಲ. ಆ ಒಂದು ಸಾಲನ್ನು ಜಾಹೀರಾತಿನಲ್ಲಿ ಸೇರಿಸಿದ ಮೇಲೆ ಶನಿವಾರಗಳು ತುಂಬತೊಡಗಿದವು.

ಉಳಿದದ್ದನ್ನು ಅವಳು ನೋಡಿ ನೋಡಿ ಕಲಿತಳು. ಬಂದ ನಾಯಿಯನ್ನು ನೇರ ಅಂಗಳಕ್ಕೆ ಬಿಟ್ಟರೆ ಬಂಡ್ಯಾ ಮೈಮೇಲೆ ಬೀಳುತ್ತಿದ್ದ. ಅದೇ ನಾಯಿ ರಸ್ತೆಯಲ್ಲಿ ಸಿಕ್ಕರೆ ಮೂಸಿ ಸುಮ್ಮನಾಗುತ್ತಿದ್ದ. ಅಂಗಳ ಅವನದು, ರಸ್ತೆ ಯಾರದೂ ಅಲ್ಲ. ಹಾಗಾಗಿ ಕಾರನ್ನು ಗೇಟಿನಾಚೆ, ರಸ್ತೆಯ ಬೇವಿನ ಮರದ ಹತ್ತಿರವೇ ನಿಲ್ಲಿಸಬೇಕು; ಅರುಣಾ ಬಂಡ್ಯಾನನ್ನೂ ಲಾಲಿಯನ್ನೂ ಅಲ್ಲಿಗೆ ಕರೆದೊಯ್ಯಬೇಕು; ಎರಡು ಕಡೆಯ ನಾಯಿಗಳೂ ರಸ್ತೆಯ ಎರಡು ಬದಿಗೆ, ಒಂದೇ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ದೂರ ನಡೆಯಬೇಕು; ಆಮೇಲೆ ಎಲ್ಲರೂ ಒಟ್ಟಿಗೆ ಗೇಟು ದಾಟಬೇಕು. ಊಟ ಮಾತ್ರ ಎಂದೂ ಒಟ್ಟಿಗೆ ಇಲ್ಲ. ಅತಿಥಿಗಳ ನಾಯಿ ಹೊರಗಿದ್ದರೆ ಮನೆಯವು ಹಿತ್ತಲಲ್ಲಿ. ರವಿವಾರ ಬೆಳಿಗ್ಗೆ ಮನೆಯವು ಬಿಚ್ಚಿರುತ್ತವೆ, ಅತಿಥಿಗಳದು ಕೋಣೆಯೊಳಗೆ. ಬಂಡ್ಯಾ, ಲಾಲಿ ದೋಣಿಯಲ್ಲಿ ತಿಂದು ಹಳ್ಳದ ಕಡೆ ಒಂದು ಸುತ್ತು ಹೋಗಿ, ನೆರಳು ಕುಗ್ಗುವ ಮೊದಲೇ ತಿರುಗಿ ಬಂದು ಮಲಗುತ್ತಿದ್ದವು.

ನಿನ್ನೆ ಬಂದವರು ಹುಬ್ಬಳ್ಳಿಯವರು. ಸುನಿತಾ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅವಳ ಗಂಡ ಈರೇಶನದು ಟೈಲ್ಸ್ ಅಂಗಡಿ. ಉದ್ದ ಕಿವಿಯ ಬೀಗಲ್ ನಾಯಿ, ಬಣ್ಣದಿಂದಾಗಿ ಹೆಸರು ಪೇಡೆ. “ಪೇಡೇನ? ಯಾರರ ತಿಂದಗಿಂದಾರು, ಹುಷಾರಿ,” ಎಂದು ಮೈಲಾರವ್ವ ಅಂದಾಗ ಸುನಿತಾ ನಕ್ಕಿದ್ದಳು. ರಾತ್ರಿಯ ಊಟಕ್ಕೆ ಮೊದಲು ಅವಳು ಬಾಳೆಹಣ್ಣಿನ ತುಂಡಿನಲ್ಲಿ ಗುಳಿಗೆ ಒತ್ತಿ ನಾಯಿಗೆ ತಿನ್ನಿಸುವುದನ್ನು ಅರುಣಾ ನೋಡಿದ್ದಳು.

“ಫಿಟ್ಸ್ ಬರ್ತಾವ್ರಿ ಇದಕ್ಕ. ಮುಂಜಾನಿ ಒಂದು, ಸಂಜಿಕೆ ಒಂದು. ಒಂದ್ ಹೊತ್ತು ತಪ್ಪಿತು ಅಂದ್ರ ಮುಗೀತು. ಒಮ್ಮೆ ತಪ್ಪಿದಾಗ ಒಂದರ ಹಿಂದ ಒಂದು ಬಂದು, ಡಾಕ್ಟರ್ ಆಸೆ ಬಿಟ್ಟಿದ್ರು.”

ಆ ಮಾತು ಈಗ ಅರುಣಾಳ ಕಿವಿಯಲ್ಲಿತ್ತು. ಬೋರಿನ ಹತ್ತಿರ ನೋಡಿದಳು. ಹಳ್ಳಕ್ಕೆ ಇಳಿದು ನೋಡಿದಳು. ಮಂಜು ಬಿದ್ದು ಒದ್ದೆಯಾದ ಮರಳಿನಲ್ಲಿ ನಾಯಿಯ ಹೆಜ್ಜೆ ಒಂದೂ ಇರಲಿಲ್ಲ. ಹಾಗಾದರೆ ಅವು ಈ ಕಡೆ ಬಂದೇ ಇಲ್ಲ. ಕಬ್ಬಿನ ಅಂಚಿಗೆ ನಿಂತು ಕೂಗಿದಳು. ಬಂಡ್ಯಾನ ಹೆಸರು ಹಿಡಿದು ಕೂಗಿದರೆ ಮೂರೂ ಬಂದಾವು ಎಂಬ ಲೆಕ್ಕ. ಬೆಳ್ಳಕ್ಕಿಗಳು ಎದ್ದವು, ಅಷ್ಟೆ.

ಅಂಗಳಕ್ಕೆ ಮರಳುವಾಗ ಸುನಿತಾ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಗುಳಿಗೆಯ ಹಾಳೆ, ಇನ್ನೊಂದರಲ್ಲಿ ಅರ್ಧ ಸುಲಿದ ಬಾಳೆಹಣ್ಣು.

“ಪೇಡೆ ನಿಮ್ಮ ಕಡೆ ಬಂತೇನ್ರಿ?”

ಮೈಲಾರವ್ವ ಆಗಲೇ ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತಿದ್ದಳು. ಅದರ ಸಪ್ಪಳ ಹೊರಗೆ ಕೇಳುತ್ತಿತ್ತು. ಅತ್ತೆಯನ್ನು ಈ ಹೆಂಗಸು ತನ್ನ ಕಣ್ಣೆದುರಿಗೇ ಬೈಯುವುದನ್ನು ಅರುಣಾ ಕಲ್ಪಿಸಿಕೊಂಡಳು. ಇಂಥ ಕಡೆ ನಾಯಿ ತರಬೇಡಿ ಎಂದು ಇವಳು ಎಲ್ಲರೂ ಓದುವಂತೆ ಬರೆಯುವುದನ್ನೂ ಕಲ್ಪಿಸಿಕೊಂಡಳು. ಯಾವುದು ಮೊದಲು ಬಂತೋ, ಬಾಯಿ ಮಾತ್ರ ಆಡಿಬಿಟ್ಟಿತ್ತು.

“ಕೊಂಡಿ ಸಡ್ಲ ಆಗಿತ್ತೇನೋ ಮೇಡಮ್ಮಾರ. ನಾ ಬರೂದ್ರಾಗ ಬಿಚ್ಚಿಕೊಂಡು ಹೋಗಿತ್ತು. ನಮ್ಮ ನಾಯಿಗೋಳ ಜೋಡಿ ಹೋಗೈತಿ. ಈಗ ಬರತೈತಿ.”

ಈರೇಶ ಟವೆಲ್ಲಿನಿಂದ ತಲೆ ಒರೆಸುತ್ತ ಹೊರಗೆ ಬಂದ. ಸುನಿತಾ ಅವನ ಕಡೆ ತಿರುಗಿದಳು.

“ನೀವ ಏನ್ರಿ ಹೊರಗ ಕಟ್ಟಿದ್ದು?”

“ಉಚ್ಚಿ ಬಂದಿತ್ತು ಅದಕ್ಕ, ಕುಂಯ್ ಕುಂಯ್ ಅಂತಿತ್ತು. ಹೊರಗ ತಿರುಗಿಸಿ, ಕಂಬಕ್ಕ ಕಟ್ಟಿ ಜಳಕಕ್ಕ ಹೋದೆ. ಸರಿ ಹಾಕಿದ್ನಲ್ಲ ಕೊಂಡಿ.”

“ಸರಿ ಹಾಕಿದ್ರ ಹ್ಯಾಂಗ ಹೋಗತೈತಿ? ನೀವು ಯಾವ ಕೆಲಸ ಸರಿ ಮಾಡೀರಿ? ಗ್ಯಾಸ್ ಬಂದ್ ಮಾಡೂದಿಲ್ಲ, ಗಾಡಿ ಬಾಗಲಾ ಹಾಕೂದಿಲ್ಲ. ಅದಕ್ಕೇನಾರ ಆತು ಅಂದ್ರ ನೋಡ್ರಿ, ನಾ ನಿಮ್ಮನ್ನ ಮನಿ ಒಳಗ ಬಿಡೂದಿಲ್ಲ.”

ಈರೇಶ ನೀಲಿ ಪಟ್ಟಿಯ ಕೊಂಡಿಯನ್ನು ಎತ್ತಿಕೊಂಡು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಒಮ್ಮೆ ಅರುಣಾಳ ಮುಖ ನೋಡಿದ. ನಿನ್ನೆ ಸಂಜೆ ಅವಳು ಅವನಿಗೆ, ಅವನೊಬ್ಬನಿಗೇ, ಹೇಳಿದ್ದಳು: “ನಾಳೆ ಮುಂಜಾನಿ ನಾ ಬಾಗಲಾ ಬಡಿಯೂತನಕ ನಾಯಿ ಹೊರಗ ತರಬ್ಯಾಡ್ರಿ.” ಅದನ್ನು ಅವನು ಹೆಂಡತಿಗೆ ಹೇಳಿದಂತಿರಲಿಲ್ಲ. ಈಗಲೂ ಹೇಳಲಿಲ್ಲ. ಪಟ್ಟಿಯನ್ನು ಕೈಗೆ ಸುತ್ತಿಕೊಂಡು, “ಹುಡುಕೂಣು ನಡಿ,” ಎಂದ.

ಅರುಣಾ ಅಡಿಗೆಮನೆಗೆ ಹೋಗಿ ತಗ್ಗಿದ ದನಿಯಲ್ಲಿ, “ಅದಕ್ಕ ಜಡ್ಡೈತಿ ಅತ್ತಿ, ಗುಳಿಗಿ ಹಾಕಬೇಕಾಗಿತ್ತು,” ಎಂದಳು.

ಮೈಲಾರವ್ವನ ಕೈ ರೊಟ್ಟಿಯ ಮೇಲೆ ನಿಂತಿತು. “ಜಡ್ಡಿನ ನಾಯಿ ಅಂತ ನನಗ್ಯಾರು ಹೇಳಿದ್ರು?” ಎಂದಳು. “ನಮ್ಮವರ ಜೋಡಿ ಹೋಗೈತಿ, ನಮ್ಮವರ ಜೋಡಿ ಬರತೈತಿ. ಅವು ಹಿಂಡ ಕಾಯ್ದಾವು. ಒಂದ ಮರಿ ಹಿಂದ ಉಳಿದ್ರ ತಿರುಗಿ ಹೋಗಿ ತರತಿದ್ವು,” ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಬೆಳಗೆಲ್ಲ ಹುಡುಕಾಟದಲ್ಲಿ ಹೋಯಿತು. ಈರೇಶ ಕಾರು ತೆಗೆದುಕೊಂಡು ಕಲಘಟಗಿ ರಸ್ತೆಯಲ್ಲಿ ಹೋಗಿ ಬಂದ. ಸುನಿತಾ ಊರ ಓಣಿಗಳಲ್ಲಿ ಬಾಳೆಹಣ್ಣು ಹಿಡಿದು “ಪೇಡೇ, ಪೇಡೇ” ಎಂದು ಕೂಗುತ್ತ ಹೋದಳು, ಜೊತೆಗೆ ಅರುಣಾ. ಬೈಕಿನಲ್ಲಿ ಬರುತ್ತಿದ್ದ ಊರಿನ ಇನಾಯತ್ ಗಾಡಿ ನಿಧಾನಿಸಿ, “ಪೇಡೆ ಬೇಕಂದ್ರ ಧಾರವಾಡಕ್ಕ ಹೋಗಬೇಕ್ರಿ ಅಕ್ಕಾರ, ಇಲ್ಲಿ ಮಂಡಕ್ಕಿ ಅಷ್ಟ ಸಿಗೂದು,” ಎಂದ. ಸುನಿತಾಳ ಕಣ್ಣು ನೋಡಿದ ಮೇಲೆ ನಗೆ ನುಂಗಿ, ಸಂಗತಿ ಕೇಳಿಕೊಂಡು, ಕಾಲುವೆಯ ಕಡೆ ತಾನು ನೋಡುತ್ತೇನೆಂದು ಹೋದ. ಕಾಲುವೆ ಎಂಬ ಶಬ್ದ ಕೇಳಿ ಸುನಿತಾ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ನೀರಾಗ ಇದ್ದಾಗ ಬಂದ್ರ?” ಎಂದಳು. “ಅದು ಮುಖಾ ಎತ್ತೂದಿಲ್ಲರಿ ಆವಾಗ.”

ಅರುಣಾಳಿಗೆ ಹೇಳಲು ಒಂದೇ ಮಾತಿತ್ತು. ಅದನ್ನು ಹೇಳುವ ಹೊತ್ತು ಮುಂಜಾನೆಯೇ ದಾಟಿಹೋಗಿತ್ತು. ಈಗ ಹೇಳಿದರೆ ಎರಡು ತಪ್ಪು ಒಟ್ಟಿಗೆ ಹೇಳಬೇಕು. ಅವಳು ಹತ್ತಿರದ ಮನೆಯಿಂದ ನೀರು ತಂದುಕೊಟ್ಟಳು.

ಮನೆಗೆ ತಿರುಗಿ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲರೂ ಅಂಗಳದಲ್ಲಿ ಇರುವಾಗಲೇ ಗೇಟಿನ ಸಂದಿಯಿಂದ ಮೊದಲು ಲಾಲಿ, ಹಿಂದೆ ಬಂಡ್ಯಾ ಒಳಗೆ ಬಂದವು. ಎಲ್ಲರೂ ಅವುಗಳ ಹಿಂದೆ ನೋಡಿದರು. ಗೇಟು ಹಾಗೇ ಇತ್ತು. ಲಾಲಿ ಬಾನಿಯ ನೀರು ಕುಡಿಯಿತು. ಬಂಡ್ಯಾ ನೆರಳು ಹುಡುಕಿಕೊಂಡು ಮಲಗಿದ.

ಸುನಿತಾ ಬಾಯಿಗೆ ಕೈ ಒತ್ತಿಕೊಂಡಳು.

ಮೈಲಾರವ್ವ ಕಟ್ಟೆಯಿಂದ ಇಳಿದು ಬಂದು ಬಂಡ್ಯಾನ ಮುಂದೆ ಕುಳಿತಳು. ಮುಂಜಾನೆಯಿಂದ ಮುಖದ ಮೇಲಿದ್ದ ಧೈರ್ಯ ಈಗ ಇರಲಿಲ್ಲ. “ಎಲ್ಲಿ ಬಿಟ್ಟಬಂದ್ಯೋ?” ಎಂದು ಕೇಳಿದಳು, ಮನುಷ್ಯರನ್ನು ಕೇಳುವಂತೆ. ಅವನ ಕುತ್ತಿಗೆ, ಪಕ್ಕೆ ಸವರಿದಳು. ಪಂಜ ಎತ್ತಿ ನೋಡಿದಳು. ಬೆರಳುಗಳ ಸಂದಿಯಲ್ಲಿ ಕುರಿಯ ಹಿಕ್ಕೆ ಹತ್ತಿತ್ತು. ತೊಡೆಯ ಕೂದಲಿಗೆ ಕಪ್ಪು ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಅದನ್ನು ಮೂಗಿಗೆ ಹಿಡಿದು ನೋಡಿ ಎದ್ದಳು.

“ಲಕ್ಕಪ್ಪನ ಹಿಂಡ ಬಂದೈತಿ. ಇವು ಅಲ್ಲಿಗೆ ಹೋಗಿದ್ವು.”

ಸುಗ್ಗಿ ಮುಗಿದ ಮೇಲೆ ಲಕ್ಕಪ್ಪ ಪ್ರತಿವರ್ಷ ಕುಬಿಹಾಳದ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದು ಈ ಭಾಗದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಿದ್ದ. ಈ ಸಲ ಬಂದದ್ದು ಇವರಿಗೆ ಗೊತ್ತಿರಲಿಲ್ಲ. ಅರುಣಾ ಅವನಿಗೆ ಫೋನ್ ಮಾಡಿದಳು, ಬಂದ್ ಆಗಿತ್ತು. ಚಾರ್ಜು ಮಾಡಲು ಅವನು ಯಾವುದಾದರೂ ಊರಿನ ಅಂಗಡಿಯಲ್ಲಿ ಫೋನ್ ಬಿಟ್ಟುಬರುವವನು. ಗದ್ದೆಯಾಚೆಯ ದಿಬ್ಬದ ಹೊಲದಲ್ಲಿ ಕುರಿ ಕಂಡಂತಾಯಿತೆಂದು ಪಕ್ಕದ ಹೊಲದವರು ಹೇಳಿದರು.

ಕಾರನ್ನು ಸುನಿತಾಳೇ ನಡೆಸಿದಳು. ಈರೇಶ ಪಕ್ಕದಲ್ಲಿ. ಹಿಂದೆ ಅತ್ತೆ, ಸೊಸೆ. ಡಾಂಬರು ಮುಗಿದು ಚಕ್ಕಡಿ ದಾರಿ ಸುರುವಾಗುವಲ್ಲಿ ಊರಿನ ನೀಲಕ್ಕ ಶೇಂಗಾ ಆಯುತ್ತಿದ್ದಳು. ಅರುಣಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನೀಲಕ್ಕಾ, ಕಂದು ಬಣ್ಣದ ನಾಯಿ ಕಂಡಿಯೇನ? ಕಿವಿ ಉದ್ದ ಅದಾವು.”

“ಭಂಡಾರ ಹಚ್ಚಿದ್ದ? ಹೂಂ. ಮುಂಜಾನೆ ಹೋತಲ್ಲ ನಿಮ್ಮ ಬಂಡ್ಯಾನ ಬೆನ್ನ ಹತ್ತಿ. ನಾ ಅರ್ಧ ರೊಟ್ಟಿ ಹಾಕಿದೆ, ತಿಂದು ಹೋತು.”

“ಹಿಡಿಯೂದಲ್ಲೇನ ಬೇ, ಹೊಸ ನಾಯಿ ಅಂತ ಗೊತ್ತಿತ್ತಲ್ಲ!”

“ಐತವಾರ ಭಂಡಾರ ಹಚ್ಚಿ ಬಿಟ್ಟ ನಾಯೀನ ನಾ ಯಾಕ ಹಿಡೀಲಿ? ನಿಮ್ಮತ್ತಿ ಕೈಯಾಗ ಬೈಸಿಕೊಳ್ಳಲೇನು?” ನೀಲಕ್ಕ ಕಾರಿನೊಳಗೆ ಇಣುಕಿ ಮೈಲಾರವ್ವನನ್ನು ಕಂಡು ನಕ್ಕಳು. “ಅಯ್ಯ, ನೀನೂ ಬಂದಿಯೇನು!”

ಸುನಿತಾ ಇಂಜಿನ್ ಬಂದ್ ಮಾಡಿದಳು. ಕನ್ನಡಿಯಲ್ಲಿ ಹಿಂದೆ ನೋಡುತ್ತ ಕೇಳಿದಳು: “ಭಂಡಾರ ಯಾರ ಹಚ್ಚಿದ್ರು?”

“ನಾನ,” ಎಂದಳು ಮೈಲಾರವ್ವ.

“ಹಚ್ಚಿದಾಗ ಅದು ಕಟ್ಟಿತ್ತೋ, ಬಿಚ್ಚಿತ್ತೋ?”

“ಕಟ್ಟಿತ್ತು. ಬಿಚ್ಚಿ ದೋಣಿಗೆ ಕರಕೊಂಡ ಹೋದೆ. ಐತವಾರ ನಾವು ಕಟ್ಟೂದಿಲ್ಲಲ್ಲ.” ಮೈಲಾರವ್ವ ಸೊಸೆಯ ಕಡೆ ನೋಡಿದಳು. “ಯಾಕ, ಅರುಣಾ ಹೇಳಲಿಲ್ಲೇನು?”

ಈರೇಶ ಕೈಗೆ ಸುತ್ತಿದ್ದ ನೀಲಿ ಪಟ್ಟಿಯನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಅರುಣಾ ಬಾಯಿ ತೆರೆದಳು. “ಮೇಡಮ್ಮಾರ, ಮುಂಜಾನಿ ನಾ...”

“ಈಗ ಬ್ಯಾಡ,” ಎಂದಳು ಸುನಿತಾ. ಕಾರು ಹೊರಟಿತು.

ದಿಬ್ಬದ ಹೊಲದಲ್ಲಿ ಕುರಿಗಳಿರಲಿಲ್ಲ. ಬಲೆಯ ಬೇಲಿ, ಒಂದು ಜಾಲಿ ಮರ, ಅದರ ನೆರಳಲ್ಲಿ ಹಾಸಿದ ಕರಿ ಕಂಬಳಿ. ಕಂಬಳಿಯ ಮೇಲೆ ಪೇಡೆ ಒಂದು ಮಗ್ಗುಲಾಗಿ ಬಿದ್ದಿತ್ತು. ಅದರಿಂದ ಮಾರು ದೂರದಲ್ಲಿ ಒಂದು ಮಣ್ಣಿನ ಹೆಂಟೆಗೆ ಊದಿನಕಡ್ಡಿ ಚುಚ್ಚಿದ್ದರು. ಲಕ್ಕಪ್ಪ ಚಪ್ಪಲಿ ಕಳೆದು, ಕೈ ಮುಗಿದು ಬಿಸಿಲಲ್ಲಿ ನಿಂತಿದ್ದ. ಅವನ ಸೊಸೆ ಭಾಗ್ಯಾ ತಲೆ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ. ಕಾರಿನಿಂದ ಇಳಿದವರನ್ನು ಕಂಡು ಲಕ್ಕಪ್ಪ ಬಾಯಿಯ ಮೇಲೆ ಬೆರಳಿಟ್ಟ.

“ಸಪ್ಪಳ ಮಾಡಬ್ಯಾಡ್ರಿ. ಈಗಷ್ಟ ಇಳದಾನ.”

“ಯಾರು?” ಎಂದ ಈರೇಶ.

“ದೇವರ್ರಿ. ಎರಡ ಸಲ ಬಂದಿದ್ದ.” ಲಕ್ಕಪ್ಪ ಮೈಲಾರವ್ವನ ಕಡೆ ತಿರುಗಿದ. “ಯಕ್ಕಾ, ಭಂಡಾರ ನೋಡಿದ ಕೂಡಲೆ ನಿಮ್ಮ ಮನೀದು ಅಂತ ಗೊತ್ತಾತು. ಕುರಿ ನಡುವ ಬಂದು ನಿಂತದ್ದ, ಮೈ ನಡುಗಿ, ಹಲ್ಲ ಕಡದು, ಕೆಳಗ ಬಿತ್ತು. ನಾ ಇಷ್ಟ ವರ್ಷದಾಗ ನಾಯಿ ಮೈಮ್ಯಾಲೆ ಬಂದದ್ದು ನೋಡಿದ್ದಿಲ್ಲ.”

ಸುನಿತಾ ಅಷ್ಟರಲ್ಲಿ ಕಂಬಳಿಯ ಅಂಚಿಗೆ ಮಂಡಿಯೂರಿದ್ದಳು. ನಾಯಿಯ ಪಕ್ಕೆ ಏರಿ ಇಳಿಯುತ್ತಿತ್ತು. ಬಾಯ ಸುತ್ತ ನೊರೆ ಒಣಗಿತ್ತು. ಹಣೆಯ ಹಳದಿ ಕಣ್ಣಿನವರೆಗೆ ಇಳಿದು ಕಲೆಯಾಗಿತ್ತು.

“ಬಾಯಾಗ ಏನರ ಹಾಕಿದ್ರೇನು? ನೀರು, ಚಮಚ, ಕಬ್ಬಣ? ಗಟ್ಟಿ ಹಿಡಕೊಂಡಿದ್ರೇನು?”

“ದೇವರ ಬಂದಾಗ ಯಾರ ಮುಟ್ಟತಾರ್ರಿ ತಂಗೀ? ಕುರಿ ಅತ್ಲಾಗ ಹೊಡಸಿ, ಇಳದ ಮ್ಯಾಲೆ ಕಂಬಳಿ ಮ್ಯಾಲೆ ಸರಿಸಿ, ದೂರ ನಿಂತೀವಿ. ಬಂಡ್ಯಾ ಹತ್ರ ಬಂದ, ಅವನ್ನೂ ಓಡಿಸಿದೆ.”

ಸುನಿತಾ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. “ಚಲೋ ಆತು,” ಎಂದಳು. ಆಮೇಲೆ, “ಅದು ಜಡ್ಡು ಕಾಕಾ. ಗುಳಿಗಿ ತಪ್ಪಿತ್ತು.”

“ಇರಬಹುದವ್ವ,” ಎಂದ ಲಕ್ಕಪ್ಪ. ಮುಗಿದ ಕೈ ಮಾತ್ರ ಬಿಡಲಿಲ್ಲ.

ಪೇಡೆಯ ಮೂಗಿನ ಹತ್ತಿರ ಸುನಿತಾ ಅಂಗೈ ಹಿಡಿದಳು. ನಾಯಿ ಕಣ್ಣು ಬಿಟ್ಟಿತು. ಅವಳನ್ನು ನೋಡಿತು, ಆದರೆ ಗುರುತು ಹತ್ತಲಿಲ್ಲ. ತುಟಿ ಎತ್ತಿ ಸಣ್ಣಗೆ ಗುರುಗುಟ್ಟಿತು. ಸುನಿತಾ ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ಮುಂದೆಯೂ ಚಾಚಲಿಲ್ಲ. “ಹಿಂಗ ಆಗತೈತಿ. ಸ್ವಲ್ಪ ಹೊತ್ತು ಯಾರ ಗುರುತೂ ಸಿಗೂದಿಲ್ಲ,” ಎಂದಳು, ಯಾರಿಗೆ ಎಂದಿಲ್ಲದೆ.

ಕಾದರು. ಊದಿನಕಡ್ಡಿ ಉರಿದು ಮುಗಿಯಿತು. ಮೈಲಾರವ್ವ ಹೊಲದಲ್ಲಿ ಕಾಲು ಚಾಚಿ ಕುಳಿತು, ನೆಲದ ಒಣ ಹುಲ್ಲನ್ನು ಒಂದೊಂದೇ ಕೀಳುತ್ತಿದ್ದಳು. ಅವಳು ಏಳುಕೋಟಿಗೋ ಎನ್ನುತ್ತಾಳೇನೋ ಎಂದು ಭಾಗ್ಯಾ ಎರಡು ಸಲ ನೋಡಿದಳು. ಅವಳು ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, “ಅದು ಬಿದ್ದಾಗ ನಾ ಇಲ್ಲಿದ್ರ ಕೊಂದ ಬಿಡ್ತಿದ್ದೆ,” ಎಂದಳು ಅರುಣಾಳಿಗೆ ಮಾತ್ರ ಕೇಳುವಂತೆ. “ದೇವರ ಹೆಸರ ಹೇಳಿ ಹಾಲ ಕುಡಿಸಿ, ಕೊಂದ ಬಿಡ್ತಿದ್ದೆ. ನೀ ಯಾಕ ಅವರಿಗೆ ಹೇಳಲಿಲ್ಲ?”

“ನಿಮ್ಮನ್ನ ಬೈತಾರಂತ.”

“ಬೈದಿದ್ರ ಏನಾಗತಿತ್ತು? ಬೈಸಿಕೊಂಡು ಆವಾಗ ನಾಯಿ ಜಾಡ ಹಿಡೀತಿದ್ದೆ. ನನ್ನನ್ನ ಅಡಿಗಿಮನ್ಯಾಗ ಮುಚ್ಚಿಟ್ಟಿ.”

ಅರುಣಾ ತಾನೂ ಒಂದು ಒಣ ಹುಲ್ಲು ಕಿತ್ತಳು.

ಪೇಡೆ ಮೊದಲು ಮುಂಗಾಲು ಮಡಚಿತು. ಆಮೇಲೆ ತಲೆ ಎತ್ತಿ, ಎಲ್ಲಿದ್ದೇನೆಂದು ತಿಳಿಯದವರಂತೆ ಸುತ್ತ ನೋಡಿ, ತೆವಳಿಕೊಂಡು ಹೋಗಿ ಈರೇಶನ ಪಾದದ ಮೇಲೆ ಗದ್ದ ಇಟ್ಟಿತು. ಸುನಿತಾ ಬಾಳೆಹಣ್ಣಿನ ಸಣ್ಣ ತುಂಡಿನಲ್ಲಿ ಗುಳಿಗೆ ಒತ್ತಿದಳು. ಅದನ್ನು ತಾನು ತಿನ್ನಿಸದೆ ಗಂಡನ ಕಡೆ ಚಾಚಿದಳು.

“ನೀವ ಹಾಕ್ರಿ.”

ಅವನು ಹಾಕಿದ. ನಾಯಿ ನುಂಗಿತು. ಬೆರಳು ನೆಕ್ಕಿತು. ಸುನಿತಾ ಮುಖ ಅತ್ತ ತಿರುಗಿಸಿ ದುಪಟ್ಟಾದಿಂದ ಮೂಗು ಒರೆಸಿಕೊಂಡಳು.

ಹುಬ್ಬಳ್ಳಿಯ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಬಿಸಿಲಿಗೆ ತೋರಿಸಬೇಡಿ, ಅಲುಗಾಡಿಸಬೇಡಿ, ನೇರ ಕರೆತನ್ನಿ ಎಂದರಂತೆ. ಲಕ್ಕಪ್ಪ ಕಂಬಳಿಯ ಸಮೇತ ನಾಯಿಯನ್ನು ಎತ್ತಿ ಕಾರಿನ ಹತ್ತಿರ ತಂದ. ಸುನಿತಾ ಹಿಂದಿನ ಬಾಗಿಲು ತೆಗೆದು ಮೈಲಾರವ್ವನ ಕಡೆ ತಿರುಗಿದಳು.

“ಅಮ್ಮಾರ, ನೀವು ಹಿಂದ ಕುಂದರ್ರಿ. ತಲಿ ತೊಡಿ ಮ್ಯಾಲೆ ಇಟಕೋರಿ.”

ಮೈಲಾರವ್ವ ಎದ್ದವಳು ನಿಂತೇ ಇದ್ದಳು. “ನನ್ನ ಕೈಯಾಗ ಕೊಡ್ತಿಯೇನ ಯವ್ವಾ?”

“ಯಾರ ಕೈಯಾಗರ ಕೊಡಬೇಕಲ್ರಿ. ನಾ ಗಾಡಿ ನಡಸಬೇಕು. ಇವರು ಮುಂದ ನಡದು ದಾರಿ ತೋರಸಬೇಕು, ಆ ಕೊರಕಲದಾಗ ಗಾಲಿ ಬಿದ್ರ ಮತ್ತ ಝಟಕಾ ಹೊಡೀತೈತಿ.” ಅರುಣಾಳ ಕಡೆ ಅವಳು ನೋಡಲಿಲ್ಲ. “ಒದರಬ್ಯಾಡ್ರಿ, ಸವರಬ್ಯಾಡ್ರಿ. ಸುಮ್ಮನ ಹಿಡಕೊಂಡ ಕುಂದರ್ರಿ, ಸಾಕು.”

“ಹೂಂ ಯವ್ವಾ.”

ನಾಯಿ ಉದ್ದಕ್ಕೆ ಮಲಗಿದ ಮೇಲೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯಲಿಲ್ಲ. ಈರೇಶ ಪ್ಯಾಂಟು ಮಡಚಿಕೊಂಡು ಮುಂದೆ ನಡೆದ. ಅರುಣಾ ಅವನ ಹಿಂದೆ. ಚಕ್ಕಡಿಯ ಗಾಲಿಗಳು ಮಳೆಗಾಲದಲ್ಲಿ ಕೊರೆದ ಎರಡು ಸಾಲುಗಳು ಈಗ ಒಣಗಿ ಕಲ್ಲಿನಂತಾಗಿದ್ದವು. ನಡುನಡುವೆ ಎರೆಯ ದೊಡ್ಡ ಹೆಂಟೆಗಳು. ಅವನು ಎಡಗಡೆಯ ಸಾಲಿನ ಹೆಂಟೆಗಳನ್ನು ಕಾಲಿಂದ ನೂಕಿದ. ಅವಳು ಬಲಗಡೆಯವನ್ನು ಕೈಯಿಂದ ಎತ್ತಿ ಬದುವಿಗೆ ಎಸೆದಳು.

“ಸರ್,” ಎಂದಳು ಸ್ವಲ್ಪ ದೂರ ಹೋದ ಮೇಲೆ. “ಮುಂಜಾನಿ ಮೇಡಮ್ಮಾರ ನಿಮಗ ಅಷ್ಟ ಅಂದಾಗ ನಾ ಬಾಯಿ ತಗೀಬೇಕಿತ್ತು.”

ಈರೇಶ ಒಂದು ಹೆಂಟೆಯನ್ನು ಒದ್ದ, ಅದು ಅಲುಗಲಿಲ್ಲ. ಬಗ್ಗಿ ಎರಡೂ ಕೈಯಿಂದ ಎತ್ತಿದ.

“ಬಾಗಲಾ ಬಡಿಯೂತನಕ ಹೊರಗ ತರಬ್ಯಾಡ್ರಿ ಅಂತ ನೀವು ಹೇಳಿದ್ರಲ್ಲ,” ಎಂದ. “ಅದನ್ನ ನಾ ಇನ್ನೂ ಆಕಿಗೆ ಹೇಳಿಲ್ಲ.”

ಇಬ್ಬರೂ ಬಗ್ಗುತ್ತ, ಏಳುತ್ತ ನಡೆದರು. ಹಿಂದಿನಿಂದ ಕಾರು ಅವರ ಹೆಜ್ಜೆಗಿಂತ ಜೋರಾಗಿ ಬರಲಿಲ್ಲ. ಅವರು ನಿಂತಲ್ಲಿ ನಿಂತಿತು, ನಡೆದರೆ ನಡೆಯಿತು. ದಾರಿ ತಿರುಗುವಲ್ಲಿ ಅರುಣಾ ಹೆಂಟೆಯೊಂದನ್ನು ಎತ್ತಿಕೊಂಡು ಹಿಂದೆ ನೋಡಿದಳು. ಸುನಿತಾ ಸ್ಟಿಯರಿಂಗಿನ ಮೇಲೆ ಬಾಗಿ ನೆಲವನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಪಡುವಣದ ಬಿಸಿಲು ನೇರ ಬೀಳುತ್ತಿದ್ದ ಕಿಟಕಿಯ ಹತ್ತಿರ, ಮೈಲಾರವ್ವ ಸೆರಗಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದ್ದಳು. ಗಾಡಿ ಅಲುಗಿದಾಗ ನಾಯಿಯ ಮೇಲಿನ ನೆರಳು ಸರಿಯದಂತೆ ಕೈಗಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸುತ್ತಿದ್ದಳು.